ಬಾಯ್‌ಜೀನಿಯಸ್

ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡೀ ಫೋಕ್-ರಾಕ್ ತಂಡ. ಜೂಲಿಯನ್ ಬೇಕರ್, ಫೀಬಿ ಬ್ರಿಜರ್ಸ್, ಲೂಸಿ ಡೇಕಸ್ ಎಂಬ ಮೂವರು ಗಾಯಕಿಯರು 2018ರಲ್ಲಿ ಕೂಡಿ ಕಟ್ಟಿದರು. ಮೂವರೂ ತಾವೇ ಹಾಡು ಬರೆದು, ತಾವೇ ಧಾಟಿ ಕೂಡಿಸಿ, ಗಿಟಾರ್ ನುಡಿಸುತ್ತ ಹಾಡುವವರು. ತಂಡ ಹುಟ್ಟುವ ಹೊತ್ತಿಗೆ ಮೂವರಿಗೂ ಅವರವರದೇ ಆಲ್ಬಂಗಳಿದ್ದವು, ಅವರವರದೇ ಕೇಳುಗರಿದ್ದರು. 2018ರ ‘ಬಾಯ್‌ಜೀನಿಯಸ್’ ಎಂಬ ಆರು ಹಾಡಿನ ಕಿರು ಆಲ್ಬಂ, 2023ರ ‘ದಿ ರೆಕಾರ್ಡ್’ ಎಂಬ ಹನ್ನೆರಡು ಹಾಡಿನ ಪೂರ್ಣ ಆಲ್ಬಂ, ಅದೇ ವರ್ಷ ಬಂದ ನಾಲ್ಕು ಹಾಡಿನ ‘ದಿ ರೆಸ್ಟ್’, ಇವು ತಂಡದ ಮುಖ್ಯ ಕೃತಿಗಳು. ಎಲ್ಲ ಸೇರಿದರೆ 22 ಹಾಡು. ಇಷ್ಟರಿಂದಲೇ ತಂಡ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹಾಡಿತು, 2024ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ಇಷ್ಟು ಕಡಿಮೆ ಹಾಡಿಗೆ ಇಷ್ಟು ದೊಡ್ಡ ಹೆಸರು ಹೇಗೆ ಬಂತು ಎಂದು ಹುಡುಕಿ ಹೊರಟರೆ ಉತ್ತರ ಸಿಗುವುದು ಅವರು ಕೂಡಿ ಬರೆಯುವ ಕ್ರಮದಲ್ಲಿ. ಒಬ್ಬರು ಹಾಡಿನ ಬೀಜ ತರುತ್ತಾರೆ. ಉಳಿದಿಬ್ಬರು ಅದರ ಸಾಲು ಕಡಿಯುತ್ತಾರೆ, ಪದ ಬದಲಿಸುತ್ತಾರೆ, ಚರಣ ಸೇರಿಸುತ್ತಾರೆ. ಕೊನೆಗೆ ಅದು ಮೂವರ ಹೆಸರಿನಲ್ಲಿ ಹೊರಬರುತ್ತದೆ. ತಂಡಕ್ಕೆ ನಾಯಕಿ ಇಲ್ಲ. ಒಬ್ಬರ ಅತ್ಯಂತ ಖಾಸಗಿ ದುಃಖ ಇನ್ನೊಬ್ಬರ ಕೈಯಲ್ಲಿ ತಿದ್ದುಪಡಿಯಾಗುವುದು ಗೀತರಚನೆಯಲ್ಲಿ ಸುಲಭದ ಮಾತಲ್ಲ. ಆ ಕಷ್ಟದ ಕೆಲಸವನ್ನು ಮೂವರು ಸಮಾನ ಪ್ರತಿಭೆಯವರು ಪ್ರೀತಿಯಿಂದ ಮಾಡಿ ತೋರಿಸಿದ್ದೇ ಈ ತಂಡದ ಸಾಧನೆ.

ಹಿನ್ನೆಲೆ

ಫೋಕ್-ರಾಕ್ 1960ರ ದಶಕದ ನಡುವೆ ಅಮೆರಿಕದಲ್ಲಿ ರೂಪುಗೊಂಡ ಪ್ರಕಾರ. ಅಕೂಸ್ಟಿಕ್ ಗಿಟಾರ್ ಹಿಡಿದು ಕತೆ ಹೇಳುವ, ಅನ್ಯಾಯವನ್ನು ಪ್ರಶ್ನಿಸುವ ಜಾನಪದ ಹಾಡುಗಾರಿಕೆಗೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು ಬಂದು ಸೇರಿದವು. ಬಾಬ್ ಡಿಲನ್ ಬರೆದ ‘ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್’ ಹಾಡನ್ನು 1965ರಲ್ಲಿ ದಿ ಬರ್ಡ್ಸ್ ತಂಡ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನೊಡನೆ ಹಾಡಿದಾಗ ಈ ಬಗೆಗೆ ಮೊದಲ ದೊಡ್ಡ ಗೆಲುವು ಸಿಕ್ಕಿತು. ಅದೇ ಬರ್ಡ್ಸ್ ತಂಡದಿಂದ ಹೊರಬಂದ ಡೇವಿಡ್ ಕ್ರಾಸ್ಬಿ, ಬಫಲೊ ಸ್ಪ್ರಿಂಗ್‌ಫೀಲ್ಡ್ ತಂಡದ ಸ್ಟೀಫನ್ ಸ್ಟಿಲ್ಸ್, ಇಂಗ್ಲೆಂಡಿನ ಹಾಲೀಸ್ ತಂಡದ ಗ್ರಹಾಂ ನ್ಯಾಶ್ ಸೇರಿ 1969ರಲ್ಲಿ ಒಂದು ಆಲ್ಬಂ ತಂದರು. ಮೂವರು ಸಿದ್ಧ ಗೀತರಚನಕಾರರು ತಮ್ಮ ತಮ್ಮ ಹಾಡು ತಂದು, ಮೂರು ಕಂಠ ಹೆಣೆದು ಹಾಡುವ ಮಾದರಿಗೆ ಅದು ಆಧಾರಕೃತಿ. ತಂಡಕ್ಕೆ ಬೇರೆ ಹೆಸರಿಡದೆ ಮೂವರ ಅಡ್ಡಹೆಸರುಗಳನ್ನೇ ಸಾಲಾಗಿ ಇಟ್ಟದ್ದರಲ್ಲಿ ಅದರ ಬಲವೂ ಬಿರುಕೂ ಎರಡೂ ಇದ್ದವು. ಹೆಸರು ಹೆಸರಾಗಿಯೇ ಉಳಿದ ಕಾರಣ ಯಾರೂ ಯಾರಲ್ಲೂ ಕರಗಲಿಲ್ಲ. ಮುಂದಿನ ದಶಕಗಳಲ್ಲಿ ಅವರು ಮತ್ತೆ ಮತ್ತೆ ಜಗಳವಾಡಿ ಬೇರೆಯಾದರು, ಮತ್ತೆ ಕೂಡಿದರು.

ಇದೇ ದಾರಿಯಲ್ಲಿ ಆಮೇಲೆ ಬೇರೆ ಬೇರೆ ಕೂಟಗಳು ಬಂದವು. ಡಾಲಿ ಪಾರ್ಟನ್, ಲಿಂಡಾ ರಾನ್‌ಸ್ಟಾಟ್, ಎಮ್ಮಿಲೂ ಹ್ಯಾರಿಸ್ ಮೂವರ ‘ಟ್ರಯೊ’ 1987ರಲ್ಲಿ, ಡಿಲನ್ ಮತ್ತು ಜಾರ್ಜ್ ಹ್ಯಾರಿಸನ್ ಇದ್ದ ಟ್ರಾವೆಲಿಂಗ್ ವಿಲ್‌ಬರೀಸ್ 1988ರಲ್ಲಿ, ಕಾನರ್ ಓಬರ್ಸ್ಟ್ ಇದ್ದ ಮಾನ್‌ಸ್ಟರ್ಸ್ ಆಫ್ ಫೋಕ್ 2009ರಲ್ಲಿ, ನೀಕೊ ಕೇಸ್, ಕೆ.ಡಿ. ಲ್ಯಾಂಗ್, ಲಾರಾ ವೀರ್ಸ್ ಮೂವರ ಆಲ್ಬಂ 2016ರಲ್ಲಿ. ಹೆಚ್ಚಿನವರು ವೃತ್ತಿಜೀವನದ ಎತ್ತರ ಕಂಡ ಮೇಲೆ, ಬಿಡುವಿನ ಸಂತೋಷಕ್ಕೆಂಬಂತೆ ಸೇರಿದವರು. ಬಾಯ್‌ಜೀನಿಯಸ್ ಇವರಿಂದ ಬೇರೆಯಾಗುವುದು ಇಲ್ಲಿ. ಸೇರುವಾಗ ಬೇಕರ್ ಮತ್ತು ಡೇಕಸ್ ಅವರಿಗೆ ಇಪ್ಪತ್ಮೂರರ ಆಸುಪಾಸು, ಬ್ರಿಜರ್ಸ್ ಅವರಿಗೆ ಅದಕ್ಕಿಂತ ಒಂದು ವರ್ಷ ಹೆಚ್ಚು. ಅವರ ಬರವಣಿಗೆ ಇನ್ನೂ ಬೆಳೆಯುತ್ತಿದ್ದಾಗಲೇ ಒಬ್ಬರ ಕಿವಿ ಇನ್ನೊಬ್ಬರ ಹಾಡಿಗೆ ಬಿತ್ತು.

ಇಂಡೀ ವಲಯ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹೊರಗೆ, ಸಣ್ಣ ಲೇಬಲ್‌ಗಳ ಆಸರೆಯಲ್ಲಿ ಬೆಳೆದದ್ದು. 1989ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಮ್ಯಾಟಡಾರ್, 2007ರಲ್ಲಿ ಹುಟ್ಟಿದ ಡೆಡ್ ಓಷನ್ಸ್ ಇಂಥವು. ಮುಂಗಡ ಹಣ ಕಡಿಮೆ, ಸ್ಟುಡಿಯೊ ದಿನಗಳು ಕಡಿಮೆ. ವ್ಯಾನಿನಲ್ಲಿ ಊರೂರು ಸುತ್ತಿ, ನೂರಿನ್ನೂರು ಜನ ಹಿಡಿಸುವ ಕ್ಲಬ್ಬುಗಳಲ್ಲಿ ಹಾಡಿ, ಟೀಶರ್ಟು ಮಾರಿ ಬದುಕುವ ಕ್ರಮ. 2010ರ ದಶಕದಲ್ಲಿ ಬ್ಯಾಂಡ್‌ಕ್ಯಾಂಪ್‌ನಂಥ ಅಂತರಜಾಲ ತಾಣಗಳು ಹರಡಿ, ಮಲಗುವ ಕೋಣೆಯಲ್ಲಿ ಮುದ್ರಿಸಿದ ಹಾಡೂ ನೇರವಾಗಿ ಕೇಳುಗರಿಗೆ ತಲುಪುವಂತಾಯಿತು. ಬಾಯ್‌ಜೀನಿಯಸ್ ತಂಡದ ಮೂವರೂ ಈ ವ್ಯವಸ್ಥೆಯ ಮಕ್ಕಳು.

ಮೂವರು

ಜೂಲಿಯನ್ ಬೇಕರ್ 1995ರ ಸೆಪ್ಟೆಂಬರ್ 29ರಂದು ಹುಟ್ಟಿದರು. ಟೆನೆಸೀ ರಾಜ್ಯದ ಮೆಂಫಿಸ್ ಬಳಿ, ಶ್ರದ್ಧಾವಂತ ಕ್ರೈಸ್ತ ಕುಟುಂಬದಲ್ಲಿ ಬೆಳೆದವರು. ಚರ್ಚಿನ ಹಾಡು, ಮೆಂಫಿಸ್ಸಿನ ಪಂಕ್ ಕೂಟಗಳು, ಈ ಎರಡೂ ಅವರ ಗಂಟಲಲ್ಲಿವೆ. ಮಿಡ್ಲ್ ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಬರೆದ ಹಾಡುಗಳು 2015ರಲ್ಲಿ ‘ಸ್ಪ್ರೇನ್ಡ್ ಆ್ಯಂಕಲ್’ ಆಲ್ಬಂ ಆದವು. ಬಹುಪಾಲು ಒಂದು ಗಿಟಾರು, ಒಂದು ಕಂಠ. ವ್ಯಸನ, ದೇವರು, ತಪ್ಪಿತಸ್ಥ ಭಾವ ಅವರ ವಸ್ತುಗಳು. ಗಿಟಾರಿನ ನಾದವನ್ನು ಪೆಡಲ್ಲುಗಳ ಮೂಲಕ ಹಾಯಿಸಿ, ನುಡಿಸಿದ ತುಣುಕನ್ನೇ ಸುರುಳಿಯಾಗಿ ಸುತ್ತಿಸಿ, ಅದರ ಮೇಲೆ ಮತ್ತೆ ನುಡಿಸುವ ಕೌಶಲ ಅವರದು. ಪಿಸುಮಾತಿನಿಂದ ಆರಂಭವಾದ ಹಾಡು ಕೊನೆಗೆ ತಾರಸ್ಥಾಯಿಯಲ್ಲಿ ಕೂಗಾಗುವುದು ಅವರ ಗುರುತು. ‘ಟರ್ನ್ ಔಟ್ ದ ಲೈಟ್ಸ್’ (2017) ಮ್ಯಾಟಡಾರ್ ಲೇಬಲ್ಲಿನಲ್ಲಿ ಬಂತು.

ಲೂಸಿ ಡೇಕಸ್ 1995ರ ಮೇ 2ರಂದು ಹುಟ್ಟಿ, ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದ ಹೊರವಲಯದಲ್ಲಿ ದತ್ತುಮಗಳಾಗಿ ಬೆಳೆದವರು. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಲು ಸೇರಿ ನಡುವೆಯೇ ಬಿಟ್ಟರು. ಕತೆ ಹೇಳುವ ಹದ ಮೂವರಲ್ಲಿ ಇವರಿಗೇ ಹೆಚ್ಚು: ಪಾತ್ರ, ಸಂದರ್ಭ, ವಿವರ ಎಲ್ಲ ಗದ್ಯದ ನಿಧಾನದಲ್ಲಿ ಬಂದು ಕೂರುತ್ತವೆ. ಮಂದ್ರಕ್ಕೆ ವಾಲುವ, ಏರಿಳಿತ ಕಡಿಮೆಯ, ದುಂಡಗಿನ ಕಂಠ. ಮೊದಲ ಆಲ್ಬಂ ‘ನೋ ಬರ್ಡನ್’ (2016) ನ್ಯಾಶ್‌ವಿಲ್‌ನಲ್ಲಿ ಒಂದೇ ದಿನದಲ್ಲಿ ಮುದ್ರಣವಾಯಿತು. ಟೆನೆಸೀಯ ಬೇಕರ್ ತಮ್ಮ ಮೊದಲ ಆಲ್ಬಮನ್ನು ಡೇಕಸ್ ಅವರ ರಿಚ್ಮಂಡಿನಲ್ಲಿಯೂ, ರಿಚ್ಮಂಡಿನ ಡೇಕಸ್ ತಮ್ಮದನ್ನು ಬೇಕರ್ ಅವರ ಟೆನೆಸೀಯಲ್ಲಿಯೂ ಮುದ್ರಿಸಿದ್ದರು. ಆಗ ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಡೇಕಸ್ ಅವರ ‘ಹಿಸ್ಟೋರಿಯನ್’ 2018ರ ಮಾರ್ಚಿನಲ್ಲಿ ಬಂದು ಅವರ ಹೆಸರನ್ನು ಗಟ್ಟಿ ಮಾಡಿತು.

ಫೀಬಿ ಬ್ರಿಜರ್ಸ್ 1994ರ ಆಗಸ್ಟ್ 17ರಂದು ಲಾಸ್ ಏಂಜಲೀಸಿನಲ್ಲಿ ಹುಟ್ಟಿ, ಅಲ್ಲೇ ಪಕ್ಕದ ಪ್ಯಾಸಡೀನದಲ್ಲಿ ಬೆಳೆದವರು. ಎಲಿಯಟ್ ಸ್ಮಿತ್ ಎಂಬ ಗೀತರಚನಕಾರರ ಪ್ರಭಾವ ಅವರ ಮೇಲೆ ಆಳವಾಗಿದೆ. 2020ರ ‘ಪನಿಷರ್’ ಆಲ್ಬಮ್ಮಿನ ಶೀರ್ಷಿಕೆ ಗೀತೆ ಸ್ಮಿತ್ ಅವರನ್ನೇ ಕುರಿತದ್ದು. ಮೊದಲ ಆಲ್ಬಂ ‘ಸ್ಟ್ರೇಂಜರ್ ಇನ್ ದಿ ಆಲ್ಪ್ಸ್’ (2017). ಉಸಿರು ಬೆರೆತ, ಕಿವಿಯ ಬಳಿ ಬಂದು ಹೇಳುವಂಥ ದನಿ. ದುಃಖದ ಸಾಲಿನ ಪಕ್ಕದಲ್ಲೇ ತೀರ ದಿನಬಳಕೆಯ ಒಂದು ವಿವರವನ್ನು ಇಟ್ಟು ಕೇಳುಗರನ್ನು ಬೆಚ್ಚಿಸುವ ಕಲೆ ಇವರಿಗೆ ಸಿದ್ಧಿಸಿದೆ. ‘ಪನಿಷರ್’ ಇವರಿಗೆ ನಾಲ್ಕು ಗ್ರ್ಯಾಮಿ ನಾಮನಿರ್ದೇಶನ ತಂದ ಮೇಲೆ ಮೂವರಲ್ಲಿ ಇವರ ಖ್ಯಾತಿಯೇ ದೊಡ್ಡದಾಯಿತು. ಆ ಅಸಮತೆಯನ್ನು ತಂಡದೊಳಕ್ಕೆ ಬಿಟ್ಟುಕೊಳ್ಳದೆ ಹೋದದ್ದು ಮೂವರ ಪ್ರೌಢಿಮೆ.

2016ರಲ್ಲಿ ವಾಷಿಂಗ್ಟನ್ನಿನ ಕಾರ್ಯಕ್ರಮವೊಂದರಲ್ಲಿ ಬೇಕರ್ ಅವರಿಗಿಂತ ಮೊದಲು ಡೇಕಸ್ ಹಾಡಿದರು. ವೇದಿಕೆಯ ಹಿಂದೆ ಪುಸ್ತಕಗಳ ಮಾತಿನಿಂದ ಶುರುವಾದ ಸ್ನೇಹ ಆಮೇಲೆ ಮಿಂಚಂಚೆಗಳಲ್ಲಿ ಬೆಳೆಯಿತು. ಅದೇ ವರ್ಷ ಬ್ರಿಜರ್ಸ್ ಕೂಡ ಬೇಕರ್ ಅವರೊಡನೆ ಪ್ರವಾಸ ಹೋದರು. ಹೀಗೆ ಇಬ್ಬರನ್ನೂ ಒಂದುಗೂಡಿಸಿದ ಕೊಂಡಿ ಬೇಕರ್. ಹಾಡು ಬರೆಯುವ ಹೆಣ್ಣುಮಕ್ಕಳನ್ನು ಪತ್ರಿಕೆಗಳು ಒಂದೇ ಗುಂಪಿಗೆ ಹಾಕಿ, ಒಬ್ಬರನ್ನು ಇನ್ನೊಬ್ಬರ ಎದುರು ತೂಗಿ ನೋಡುತ್ತಿದ್ದ ಕಾಲ ಅದು. ಪ್ರತಿಸ್ಪರ್ಧಿಗಳೆಂದು ಬಿಂಬಿಸಲ್ಪಟ್ಟವರು ಒಬ್ಬರಿಗೊಬ್ಬರು ಮೊದಲ ಓದುಗರಾದರು.

ನಾಲ್ಕು ದಿನದ ಆಲ್ಬಂ

2018ರ ಶರತ್ಕಾಲಕ್ಕೆ ಮೂವರು ಸೇರಿ ಒಂದು ಪ್ರವಾಸ ಗೊತ್ತುಮಾಡಿಕೊಂಡರು. ಪ್ರಚಾರಕ್ಕೆ ಒಂದೆರಡು ಹಾಡು ಮುದ್ರಿಸಿ ಸಣ್ಣ ಧ್ವನಿತಟ್ಟೆಯೊಂದನ್ನು ತರುವುದಷ್ಟೇ ಯೋಚನೆ. ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸಿನ ಸೌಂಡ್ ಸಿಟಿ ಸ್ಟುಡಿಯೊಗೆ ಹೋದರು. ನಿರ್ವಾಣ ತಂಡದ ‘ನೆವರ್‌ಮೈಂಡ್’ ಮುದ್ರಣವಾದ ಜಾಗ ಅದು. ಪ್ರತಿಯೊಬ್ಬರೂ ಒಂದು ಪೂರ್ತಿಯಾದ ಹಾಡನ್ನೂ ಅರ್ಧದಲ್ಲಿ ನಿಂತ ಇನ್ನೊಂದನ್ನೂ ತರಬೇಕೆಂಬುದು ಒಪ್ಪಂದ. ನಾಲ್ಕು ದಿನದಲ್ಲಿ ಆರು ಹಾಡು ಮುಗಿದವು. ನಿರ್ಮಾಣದ ಹೊಣೆಯನ್ನೂ ತಾವೇ ಹೊತ್ತರು.

ತಂಡದ ಹೆಸರು ಹುಟ್ಟಿದ್ದೂ ಸ್ಟುಡಿಯೊದಲ್ಲಿಯೇ. ಏನು ನುಡಿಸಿದರೂ ಮೇಧಾವಿ ಎಂದು ಹೊಗಳಿಸಿಕೊಂಡು ಬೆಳೆದ ಗಂಡುಹುಡುಗರ ಆತ್ಮವಿಶ್ವಾಸವನ್ನು ಮೂವರೂ ತಮ್ಮ ವೃತ್ತಿಯಲ್ಲಿ ಕಂಡಿದ್ದರು. ತಮ್ಮ ಸಲಹೆಯನ್ನು ಕ್ಷಮೆ ಕೇಳುತ್ತಲೇ ಮುಂದಿಡುವ ತಮ್ಮ ಅಭ್ಯಾಸವನ್ನು ಮುರಿಯಲು, ಆ ವಿಶ್ವಾಸವನ್ನೇ ಎರವಲು ಪಡೆದುಕೊಳ್ಳೋಣವೆಂದು ಈ ಹೆಸರಿಟ್ಟರು.

‘ಬೈಟ್ ದಿ ಹ್ಯಾಂಡ್’ ಡೇಕಸ್ ತಂದದ್ದು. ಅಭಿಮಾನಿಗಳ ಪ್ರೀತಿಯ ಮಿತಿಯ ಕುರಿತ ಹಾಡು. ‘ಮಿ ಆ್ಯಂಡ್ ಮೈ ಡಾಗ್’ ಬ್ರಿಜರ್ಸ್ ಅವರದು, ‘ಸ್ಟೇ ಡೌನ್’ ಬೇಕರ್ ಅವರದು. ಈ ಮೂರನ್ನು ಆಗಸ್ಟಿನಲ್ಲಿ ಮೊದಲು ಬಿಟ್ಟರು. ಉಳಿದ ‘ಸೂವನೀರ್’, ‘ಸಾಲ್ಟ್ ಇನ್ ದಿ ವೂಂಡ್’, ‘ಕೆಚಮ್, ಐಡಹೊ’ ಹಾಡುಗಳಲ್ಲಿ ಯಾರದು ಯಾವ ಸಾಲು ಎಂದು ಬಿಡಿಸುವುದು ಕಷ್ಟ. ‘ಸಾಲ್ಟ್ ಇನ್ ದಿ ವೂಂಡ್’ ಕೊನೆಗೆ ಬೇಕರ್ ಅವರ ಗಿಟಾರಿನ ಕೈಗೆ ಹೋಗಿ ಸ್ಫೋಟಿಸುತ್ತದೆ. ‘ಕೆಚಮ್’ ಅದಕ್ಕೆ ತದ್ವಿರುದ್ಧ. ಊರಿಂದೂರಿಗೆ ಹಾಡುತ್ತ ಹೋಗುವವರಿಗೆ ಎಲ್ಲಿಯೂ ಮನೆಯಿಲ್ಲದ ದಣಿವನ್ನು ಅಕೂಸ್ಟಿಕ್ ಗಿಟಾರಿನ ಮೇಲೆ ಮೂರು ದನಿಗಳಷ್ಟೇ ಹೇಳುತ್ತವೆ. ಕೆಚಮ್ ಐಡಹೊ ರಾಜ್ಯದ ಪುಟ್ಟ ಊರು. ಅರ್ನೆಸ್ಟ್ ಹೆಮಿಂಗ್ವೆ ಕೊನೆಯುಸಿರೆಳೆದದ್ದು ಅಲ್ಲಿ. ತಂಡದ ಒಟ್ಟು ಹಾಡುಗಳಲ್ಲಿ ಒಂದನ್ನೇ ಆರಿಸಿ ಹೊಸಬರಿಗೆ ಕೇಳಿಸಬೇಕಾದರೆ ಇದನ್ನೇ ಆರಿಸಬೇಕು. ಅವರ ಕೂಡು ಹಾಡುಗಾರಿಕೆ ಯಾವ ಅಲಂಕಾರವೂ ಇಲ್ಲದೆ ಇಲ್ಲಿ ಸಿಗುತ್ತದೆ.

ಆಲ್ಬಂ 2018ರ ಅಕ್ಟೋಬರ್ 26ರಂದು ಮ್ಯಾಟಡಾರ್ ಲೇಬಲ್ಲಿನಲ್ಲಿ ಹೊರಬಂತು. ಮುಖಪುಟದ ಚಿತ್ರ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅವರ 1969ರ ಆಲ್ಬಮ್ಮಿನದೇ ವಿನ್ಯಾಸ: ಸೋಫಾದ ಮೇಲೆ ಮೂವರು, ಅದೇ ಭಂಗಿ. ಗಂಡಸರ ಸ್ನೇಹಕೂಟಗಳಿಂದಲೇ ತುಂಬಿದ ಪರಂಪರೆಯಲ್ಲಿ ತಮಗೂ ಪಾಲಿದೆ ಎಂದು ಅವರು ಹೇಳಿದ ರೀತಿ ಅದು. 2023ರ ಆರಂಭದಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮುಖಪುಟಕ್ಕೆ ನಿಂತಾಗಲೂ ಅದನ್ನೇ ಮಾಡಿದರು. 1994ರಲ್ಲಿ ನಿರ್ವಾಣ ತಂಡದ ಮೂವರು ಸೂಟು ತೊಟ್ಟು ನಿಂತಿದ್ದ ಮುಖಪುಟದ ಭಂಗಿಯಲ್ಲೇ ಇವರೂ ನಿಂತರು.

ನಡುವಣ ವರ್ಷಗಳು

ಪ್ರವಾಸ ಮುಗಿದ ಮೇಲೆ ನಾಲ್ಕು ವರ್ಷ ತಂಡದ ಹೆಸರಿನಲ್ಲಿ ಹೊಸ ಆಲ್ಬಂ ಬರಲಿಲ್ಲ. ಆದರೆ ಒಬ್ಬರ ಆಲ್ಬಮ್ಮಿನಲ್ಲಿ ಇನ್ನಿಬ್ಬರ ದನಿ ಕೇಳಿಬರುತ್ತಲೇ ಇತ್ತು. ‘ಪನಿಷರ್’ ಆಲ್ಬಮ್ಮಿನ ‘ಗ್ರೇಸ್‌ಲ್ಯಾಂಡ್ ಟೂ’, ಬೇಕರ್ ಅವರ 2021ರ ‘ಲಿಟಲ್ ಒಬ್ಲಿವಿಯನ್ಸ್’ ಆಲ್ಬಮ್ಮಿನ ‘ಫೇವರ್’, ಡೇಕಸ್ ಅವರ ಅದೇ ವರ್ಷದ ‘ಹೋಮ್ ವಿಡಿಯೊ’ ಆಲ್ಬಮ್ಮಿನ ‘ಪ್ಲೀಸ್ ಸ್ಟೇ’, ಈ ಮೂರನ್ನು ಒಂದರ ಹಿಂದೊಂದು ಕೇಳಿದರೆ ತಂಡ ಎಲ್ಲಿಯೂ ಚದುರಿರಲಿಲ್ಲ ಎಂಬುದು ತಿಳಿಯುತ್ತದೆ. ಪ್ಯಾರಮೋರ್ ತಂಡದ ಹೇಲಿ ವಿಲಿಯಮ್ಸ್ ಅವರ 2020ರ ಹಾಡೊಂದಕ್ಕೂ ಮೂವರು ಸೇರಿ ದನಿ ಕೊಟ್ಟರು. ಅದೇ ವರ್ಷ, ಕೊರೊನಾ ಕಾಲದಲ್ಲಿ, ಮೊದಲ ಆಲ್ಬಮ್ಮಿನ ಕಚ್ಚಾ ಮುದ್ರಿಕೆಗಳನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಒಂದು ದಿನದ ಮಟ್ಟಿಗೆ ಮಾರಿ, ಬಂದ ಹಣವನ್ನು ತಂತಮ್ಮ ಊರುಗಳಾದ ಲಾಸ್ ಏಂಜಲೀಸ್, ಮೆಂಫಿಸ್, ರಿಚ್ಮಂಡಿನ ಸೇವಾಸಂಸ್ಥೆಗಳಿಗೆ ಕೊಟ್ಟರು.

ಎರಡನೆಯ ಆಲ್ಬಮ್ಮಿನ ಕಿಡಿ ಹೊತ್ತಿದ್ದೂ ಆ ವರ್ಷವೇ. ‘ಪನಿಷರ್’ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಬ್ರಿಜರ್ಸ್ ಹೊಸದೊಂದು ಹಾಡಿನ ಕಚ್ಚಾ ಮುದ್ರಿಕೆಯನ್ನು ಗೆಳತಿಯರಿಗೆ ಕಳಿಸಿ, ಮತ್ತೆ ತಂಡವಾಗೋಣವೇ ಎಂದು ಕೇಳಿದರು. ‘ಎಮಿಲಿ ಐಯಾಮ್ ಸಾರಿ’ ಎಂಬ ಹಾಡು ಅದು. ಬೇಕರ್ ಕೂಡಲೇ ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರ್ ತೆರೆದರು. ಕೈಗೆ ಬಂದ ಸಾಲು, ಗಿಟಾರಿನ ತುಣುಕು, ಅರ್ಧ ಪಲ್ಲವಿ ಎಲ್ಲ ಅದರೊಳಗೆ ಬೀಳತೊಡಗಿತು. 2021ರಲ್ಲಿ ಮೊದಲು ಉತ್ತರ ಕ್ಯಾಲಿಫೋರ್ನಿಯಾದ ಹೀಲ್ಡ್ಸ್‌ಬರ್ಗಿನಲ್ಲಿ, ಆಮೇಲೆ ಮ್ಯಾಲಿಬೂ ಕಡಲತೀರದಲ್ಲಿ ಒಟ್ಟಿಗೆ ಉಳಿದು ಬರೆದರು.

ದಿ ರೆಕಾರ್ಡ್

2022ರ ಜನವರಿಯಲ್ಲಿ ಮ್ಯಾಲಿಬೂವಿನ ಶಾಂಗ್ರಿ-ಲಾ ಸ್ಟುಡಿಯೊದಲ್ಲಿ ಒಂದು ತಿಂಗಳ ಕಾಲ ಮುದ್ರಣ ನಡೆಯಿತು. 1970ರ ದಶಕದಲ್ಲಿ ದಿ ಬ್ಯಾಂಡ್ ತಂಡದವರು ನೆಲೆ ಮಾಡಿಕೊಂಡಿದ್ದ ಈ ಮನೆ ಈಗ ನಿರ್ಮಾಪಕ ರಿಕ್ ರೂಬಿನ್ ಅವರದು. ಆಸ್ಟ್ರೇಲಿಯಾದ ಕ್ಯಾಥರೀನ್ ಮಾರ್ಕ್ಸ್ ಸಹನಿರ್ಮಾಪಕಿಯಾಗಿದ್ದರು. ಡ್ರಮ್ಮಿಗೆ ಆಟೊಲಕ್ಸ್ ತಂಡದ ಕಾರ್ಲಾ ಅಜಾರ್ ಇದ್ದರೆ, ಜೇ ಸಾಮ್ ಎಂದು ಹೆಸರಾದ ಮೆಲೀನಾ ಡುಟರ್ಟೆ ಕೂಡ ನುಡಿಸಿದರು. ನಾಲ್ಕು ದಿನದಲ್ಲಿ ಮೊದಲ ಆಲ್ಬಂ ಮುಗಿಸಿದವರಿಗೆ ಈ ಸಲ ಒಂದು ಸಾಲಿನ ಮೇಲೆ ಕೂತು ವಾದಿಸುವ ಬಿಡುವಿತ್ತು. ಆಲ್ಬಂ 2023ರ ಮಾರ್ಚ್ 31ರಂದು ಹೊರಬಂತು.

ಪ್ರಕಾಶಕರು ಇಂಟರ್‌ಸ್ಕೋಪ್, ಯೂನಿವರ್ಸಲ್ ಬಳಗದ ದೊಡ್ಡ ಲೇಬಲ್. ಇಂಡೀ ಲೇಬಲ್ಲುಗಳಲ್ಲಿ ಬೆಳೆದವರು ಅಲ್ಲಿಗೆ ಹೋದ ಮೇಲೂ ತಂಡವನ್ನು ಇಂಡೀ ಎಂದು ಕರೆಯಬಹುದೇ ಎಂಬ ಪ್ರಶ್ನೆ ಸಹಜ. ವ್ಯಾಪಾರದ ಲೆಕ್ಕದಲ್ಲಿ ಕರೆಯಲಾಗದು. ಆದರೆ ಹೊರಗಿನ ಬಾಡಿಗೆ ಗೀತರಚನಕಾರರಿಲ್ಲದೆ, ಯಶಸ್ಸಿನ ಅಚ್ಚಿಗೆ ಹಾಡನ್ನು ಒತ್ತದೆ, ಸಣ್ಣ ಲೇಬಲ್ಲಿನ ದಿನಗಳಲ್ಲಿ ಕಲಿತ ಕ್ರಮದಲ್ಲೇ ಅವರು ಕೆಲಸ ಮಾಡಿದರು ಎಂಬುದಕ್ಕೆ ಆಲ್ಬಮ್ಮೇ ಸಾಕ್ಷಿ. ಮೊದಲಿನಂತೆಯೇ ಈ ಸಲವೂ ಒಬ್ಬೊಬ್ಬರು ತಂದ ಒಂದೊಂದು ಹಾಡನ್ನು ಒಂದೇ ದಿನ ಬಿಟ್ಟರು: ಬೇಕರ್ ಅವರ ‘ಟ್ವೆಂಟಿ ಡಾಲರ್ಸ್’, ಬ್ರಿಜರ್ಸ್ ಅವರ ‘ಎಮಿಲಿ ಐಯಾಮ್ ಸಾರಿ’, ಡೇಕಸ್ ಅವರ ‘ಟ್ರೂ ಬ್ಲೂ’. ಈ ಮೂರನ್ನೂ ಪೋಣಿಸಿ ನಟಿ ಕ್ರಿಸ್ಟನ್ ಸ್ಟೂವರ್ಟ್ ‘ದಿ ಫಿಲ್ಮ್’ ಎಂಬ ಕಿರುಚಿತ್ರ ನಿರ್ದೇಶಿಸಿದರು.

ಆಲ್ಬಂ ತೆರೆದುಕೊಳ್ಳುವುದು ವಾದ್ಯವಿಲ್ಲದೆ. ‘ವಿದೌಟ್ ಯು ವಿದೌಟ್ ದೆಮ್’ ಹಾಡನ್ನು ಮೂವರು ಬರಿಯ ಕಂಠದಲ್ಲಿ ಹಾಡುತ್ತಾರೆ. ಹಿಂದಿನವರ ಋಣವನ್ನು ನೆನೆಯುವ ಅದು ಚರ್ಚಿನ ಹಳೆಯ ಸ್ತೋತ್ರದ ಜಾಡಿನಲ್ಲಿದೆ. ಅದು ಮುಗಿದ ಕ್ಷಣದಲ್ಲೇ ‘ಟ್ವೆಂಟಿ ಡಾಲರ್ಸ್’ ಹಾಡಿನ ಒರಟು ಗಿಟಾರು ನುಗ್ಗುತ್ತದೆ. ಈ ಎರಡನೆಯ ಹಾಡಿನ ಕೊನೆಯನ್ನು ಗಮನವಿಟ್ಟು ಕೇಳಬೇಕು. ಮೂವರೂ ಏಕಕಾಲಕ್ಕೆ ಬೇರೆ ಬೇರೆ ಸಾಲುಗಳನ್ನು ಹಾಡುತ್ತಾರೆ. ಒಂದರ ಮೇಲೊಂದು ಏರಿದ ಸಾಲುಗಳ ನಡುವಿನಿಂದ ಬ್ರಿಜರ್ಸ್ ಅವರ ದನಿ ಚೀತ್ಕಾರವಾಗಿ ಹೊರಬರುತ್ತದೆ. ಮೃದುಕಂಠದವರೆಂದು ಹೆಸರಾದವರಿಂದ ಆ ಕೂಗನ್ನು ಹೊರತೆಗೆಯಲು ಬೇಕರ್ ಅವರ ಹಾಡೇ ಬೇಕಿತ್ತು.

‘ಕೂಲ್ ಅಬೌಟ್ ಇಟ್’ ಹಾಡಿನಲ್ಲಿ ಮೂವರಿಗೂ ಒಂದೊಂದು ಚರಣ. ಹಳೆಯ ಸಂಗಾತಿಯನ್ನು ಮತ್ತೆ ಭೇಟಿಯಾದಾಗ ಏನೂ ಆಗಿಲ್ಲವೆಂಬಂತೆ ನಟಿಸುವುದು ವಸ್ತು. ಒಬ್ಬೊಬ್ಬರೂ ತಮ್ಮದೇ ಅನುಭವದಿಂದ ಬರೆದುಕೊಂಡರೂ ಧಾಟಿ ಒಂದೇ. ಪಾಲ್ ಸೈಮನ್ ಅವರ ‘ದಿ ಬಾಕ್ಸರ್’ ಹಾಡಿನ ಪ್ರೇರಣೆಯನ್ನು ಆಲ್ಬಮ್ಮಿನಲ್ಲೇ ಒಪ್ಪಿಕೊಳ್ಳಲಾಗಿದೆ. ಇದರ ನಂತರ ಬರುವ ‘ನಾಟ್ ಸ್ಟ್ರಾಂಗ್ ಎನಫ್’ ಆಲ್ಬಮ್ಮಿನ ಶಿಖರ. ಶೆರಿಲ್ ಕ್ರೋ ಅವರ 1990ರ ದಶಕದ ಪ್ರಸಿದ್ಧ ಹಾಡೊಂದನ್ನು ಹೆಸರಿನಲ್ಲೇ ನೆನೆಯುವ ಇದರಲ್ಲಿ ಬ್ರಿಜರ್ಸ್ ಆರಂಭಿಸುತ್ತಾರೆ, ಬೇಕರ್ ಮುಂದುವರಿಸುತ್ತಾರೆ, ಡೇಕಸ್ ನಡುವಣ ಭಾಗವನ್ನು ಕೈಗೆತ್ತಿಕೊಳ್ಳುತ್ತಾರೆ. ಅಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತ, ಪ್ರತಿ ಸುತ್ತಿನಲ್ಲೂ ಒಂದೊಂದು ದನಿ, ಒಂದೊಂದು ವಾದ್ಯ ಸೇರುತ್ತ ಬೆಟ್ಟದಷ್ಟು ಬೆಳೆದು, ಕೊನೆಗೆ ಪಲ್ಲವಿಯ ಮೇಲೆ ಒಡೆದು ಬೀಳುತ್ತದೆ. ಮಾತಿನಲ್ಲಿ ಸಣ್ಣದಾಗಿರುವ ಸಾಲು ಬರಿಯ ಪುನರಾವರ್ತನೆಯ ಬಲದಿಂದ ಎದೆಯೊಳಗೆ ಇಳಿಯುತ್ತದೆ.

‘ಲೆನರ್ಡ್ ಕೋಹೆನ್’ ಹಾಡಿನ ಹಿಂದೆ ನಡೆದ ಸಂಗತಿಯೊಂದಿದೆ. ಹೀಲ್ಡ್ಸ್‌ಬರ್ಗ್ ಪ್ರವಾಸದಲ್ಲಿ ಕಾರು ಓಡಿಸುತ್ತಿದ್ದ ಬ್ರಿಜರ್ಸ್, ಐರನ್ ಆ್ಯಂಡ್ ವೈನ್ ಅವರ ‘ದಿ ಟ್ರಪೀಜ್ ಸ್ವಿಂಗರ್’ ಎಂಬ ದೀರ್ಘ ಹಾಡನ್ನು ಮಾತಿಲ್ಲದೆ ಕೇಳಬೇಕೆಂದು ಗೆಳತಿಯರನ್ನು ಒತ್ತಾಯಿಸಿದರು. ಹಾಡಿನಲ್ಲಿ ಮುಳುಗಿ ಹೆದ್ದಾರಿಯಲ್ಲಿ ತಪ್ಪು ದಿಕ್ಕಿಗೆ ತಿರುಗಿಬಿಟ್ಟರು. ಉಳಿದಿಬ್ಬರಿಗೂ ಅದು ಗೊತ್ತಾಯಿತು. ಹಾಡು ಕೆಡಬಾರದೆಂದು ಸುಮ್ಮನಿದ್ದರು. ಡೇಕಸ್ ಅದನ್ನು ಎರಡು ನಿಮಿಷದೊಳಗಿನ ಪುಟ್ಟ ಗೀತೆ ಮಾಡಿದರು. ಸ್ನೇಹವೆಂದರೆ ಏನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದೃಷ್ಟಾಂತ ಇಡೀ ಆಲ್ಬಮ್ಮಿನಲ್ಲಿ ಇಲ್ಲ. ‘ಆ್ಯಂಟಿ-ಕರ್ಸ್’ ಹಾಡು ಮ್ಯಾಲಿಬೂವಿನ ಅಲೆಗಳಲ್ಲಿ ಬೇಕರ್ ಮುಳುಗುವುದರಲ್ಲಿದ್ದ ಘಟನೆಯಿಂದ ಹುಟ್ಟಿದ್ದು. ಕೊನೆಯ ‘ಲೆಟರ್ ಟು ಆ್ಯನ್ ಓಲ್ಡ್ ಪೊಯೆಟ್’ ಐದು ವರ್ಷ ಹಿಂದಿನ ‘ಮಿ ಆ್ಯಂಡ್ ಮೈ ಡಾಗ್’ ಹಾಡಿನ ಧಾಟಿಯನ್ನೇ ಮರಳಿ ಎತ್ತಿಕೊಂಡು ಅದರ ಹತಾಶೆಯನ್ನು ತಿರುಗಿಸಿ ನಿಲ್ಲಿಸುತ್ತದೆ. ಅಲ್ಲಿ ಓಡಿಹೋಗಬೇಕೆಂದು ಹಂಬಲಿಸಿದ ದನಿ ಇಲ್ಲಿ ಸುಖವಾಗಿರಲು ಬಯಸುತ್ತದೆ.

ಇಡೀ ಆಲ್ಬಂ ಒಂದೇ ಮಟ್ಟದಲ್ಲಿದೆ ಎನ್ನಲಾಗದು. ಏಳನೆಯ ‘ರೆವಲ್ಯೂಷನ್ ಜೀರೊ’ ಮತ್ತು ಹತ್ತನೆಯ ‘ವಿ ಆರ್ ಇನ್ ಲವ್’ ಹಾಡುಗಳ ಬಳಿ ನಡೆ ನಿಧಾನವಾಗುತ್ತದೆ. ಒಬ್ಬರದೇ ಆಲ್ಬಮ್ಮಿನಿಂದ ಎತ್ತಿ ತಂದು ಇಟ್ಟಂತೆ, ಉಳಿದಿಬ್ಬರ ಕೈವಾಡ ಕಡಿಮೆಯಾಗಿ ಕಾಣುವ ಜಾಗಗಳು ಅವು. ಹಾಡುಗಳಾಗಿ ಅವು ಚೆನ್ನಾಗಿಯೇ ಇವೆ. ಆದರೆ ಮೂವರು ಒಂದು ಹಾಡಿನೊಳಗೆ ತಳ್ಳಾಡಿಕೊಂಡಾಗ ಬರುವ ಶಾಖ ಅಲ್ಲಿ ಸಿಗುವುದಿಲ್ಲ. 2023ರ ಅಕ್ಟೋಬರ್ 13ರಂದು ಬಂದ ‘ದಿ ರೆಸ್ಟ್’ ಆಲ್ಬಮ್ಮಿನ ‘ಬ್ಲ್ಯಾಕ್ ಹೋಲ್’, ‘ಅಫ್ರೇಡ್ ಆಫ್ ಹೈಟ್ಸ್’, ‘ವಾಯೇಜರ್’, ‘ಪವರ್ಸ್’ ಹಾಡುಗಳೂ ಇದೇ ಶಾಂತ ಬಗೆಯವು.

ಹಾಡುಗಾರಿಕೆ

ನಮ್ಮ ಸಂಗೀತದ ಕಿವಿಗೆ ಈ ತಂಡದ ಮುಖ್ಯ ಗುಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾವಗೀತೆಯಲ್ಲಾಗಲಿ ಜಾನಪದದಲ್ಲಾಗಲಿ ಹತ್ತು ಜನ ಸೇರಿ ಹಾಡಿದರೂ ಧಾಟಿ ಒಂದೇ. ಹಿಮ್ಮೇಳದವರು ಅದನ್ನೇ ಎತ್ತಿ ಹಿಡಿಯುತ್ತಾರೆ. ಪಾಶ್ಚಾತ್ಯ ಹಾರ್ಮೊನಿಯಲ್ಲಿ ಒಬ್ಬರು ಷಡ್ಜದಲ್ಲಿ ನಿಂತ ಕ್ಷಣದಲ್ಲೇ ಇನ್ನೊಬ್ಬರು ಗಾಂಧಾರದಲ್ಲಿ, ಮತ್ತೊಬ್ಬರು ಪಂಚಮದಲ್ಲಿ ನಿಲ್ಲುತ್ತಾರೆ. ಮೂರು ಸ್ವರವೂ ಕೂಡಿ ಒಂದು ನಾದವಾಗುತ್ತದೆ. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅವರಲ್ಲಿ ಈ ಮೂರು ದನಿಗಳು ಎಷ್ಟು ಬೆಸೆದುಕೊಂಡವೆಂದರೆ ಬಿಡಿಸಿ ಕೇಳುವುದು ಕಷ್ಟ. ಬಾಯ್‌ಜೀನಿಯಸ್ ಹಾಗೆ ಬೆಸುಗೆ ಹಾಕುವುದಿಲ್ಲ. ಡೇಕಸ್ ಅವರ ದಪ್ಪ ಕೆಳದನಿ, ಬ್ರಿಜರ್ಸ್ ಅವರ ಗಾಳಿಯಂಥ ನಡುದನಿ, ಬೇಕರ್ ಅವರ ಬಿಗಿದ ಮೇಲುದನಿ, ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಆದ್ದರಿಂದ ಸಾಲೊಂದನ್ನು ಒಟ್ಟಿಗೆ ಹಾಡಿದಾಗ ಮೂರು ಬೇರೆ ಬೇರೆ ಜೀವಗಳು ಒಂದೇ ಮಾತಿಗೆ ಸಹಿ ಹಾಕಿದಂತೆ ಅನಿಸುತ್ತದೆ. ಮುಮ್ಮೇಳ, ಹಿಮ್ಮೇಳಗಳ ಸ್ಥಾನ ಹಾಡಿನಿಂದ ಹಾಡಿಗೆ, ಕೆಲವೊಮ್ಮೆ ಚರಣದಿಂದ ಚರಣಕ್ಕೆ ಬದಲಾಗುತ್ತಿರುತ್ತದೆ.

ಸಾಹಿತ್ಯದಲ್ಲಿಯೂ ಹೀಗೆಯೇ. ಡೇಕಸ್ ಅವರ ಪೂರ್ಣ ವಾಕ್ಯಗಳನ್ನು ಬ್ರಿಜರ್ಸ್ ಕತ್ತರಿಸಿ ಚುರುಕು ಮಾಡಿರುವುದು, ಬೇಕರ್ ಅವರ ಆತ್ಮನಿಂದೆಯನ್ನು ಉಳಿದಿಬ್ಬರು ಹದಕ್ಕೆ ತಂದಿರುವುದು, ಅವರ ಒಂಟಿ ಆಲ್ಬಮ್ಮುಗಳನ್ನು ಬಲ್ಲವರಿಗೆ ತಿಳಿಯುತ್ತದೆ. ‘ಲಿಟಲ್ ಒಬ್ಲಿವಿಯನ್ಸ್’ ಆಲ್ಬಮ್ಮಿನ ಬೇಕರ್ ತಮ್ಮ ಮೇಲೆಯೇ ನಿರ್ದಯಿ. ‘ಆ್ಯಂಟಿ-ಕರ್ಸ್’ ಹಾಡಿನ ಬೇಕರ್ ಬದುಕಿದ್ದಕ್ಕೆ ಸಂತೋಷಪಡುತ್ತಾರೆ. ಗೆಳತಿಯರು ಪಕ್ಕದಲ್ಲಿದ್ದರೆ ಬರವಣಿಗೆಯ ಸ್ವಭಾವವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ರಂಗ, ಕೇಳುಗರು, ರಾಜಕಾರಣ

2023ರ ಏಪ್ರಿಲ್ಲಿನಲ್ಲಿ ಕೋಚೆಲ್ಲಾ ಉತ್ಸವ, ಬೇಸಿಗೆಯಲ್ಲಿ ಅಮೆರಿಕ ಮತ್ತು ಯುರೋಪಿನ ಪ್ರವಾಸ, ಅಕ್ಟೋಬರ್ 2ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಅಕ್ಟೋಬರ್ 31ರಂದು ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್. ಕಾರ್ಯಕ್ರಮ ಶುರುವಾಗುತ್ತಿದ್ದದ್ದು ತೆರೆಯ ಹಿಂದೆ ಮೂವರು ಸೇರಿ ವಾದ್ಯವಿಲ್ಲದೆ ಹಾಡುವುದರಿಂದ. ಜೊತೆಗೆ ನುಡಿಸುತ್ತಿದ್ದವರೂ ಮಹಿಳೆಯರೇ. ರಾಕ್ ಪ್ರವಾಸಗಳಲ್ಲಿ ಇದು ಇಂದಿಗೂ ಅಪರೂಪ.

ಮೂವರೂ ತಾವು ಲೈಂಗಿಕ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರೆಂದು ಬಹಿರಂಗವಾಗಿ ಹೇಳಿಕೊಂಡವರು. ಕೇಳುಗರಲ್ಲಿ ಅದೇ ಸಮುದಾಯದ ಹರೆಯದವರು ದೊಡ್ಡ ಸಂಖ್ಯೆಯಲ್ಲಿದ್ದರು. 2023ರಲ್ಲಿ ಬೇಕರ್ ಅವರ ತವರು ಟೆನೆಸೀಯ ಶಾಸನಸಭೆ, ಲಿಂಗ ಬದಲಿಸಿ ವೇಷ ತೊಡುವ ಡ್ರ್ಯಾಗ್ ಪ್ರದರ್ಶನಗಳಿಗೆ ನಿರ್ಬಂಧ ಹೇರುವ ಕಾನೂನು ತಂದಿತು. ಜೂನ್ ಆರಂಭದಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದರು. ಅದೇ ತಿಂಗಳು ನ್ಯಾಶ್‌ವಿಲ್‌ನಲ್ಲಿ ಹಾಡಲು ಬಂದ ಮೂವರು ಡ್ರ್ಯಾಗ್ ವೇಷದಲ್ಲೇ ವೇದಿಕೆ ಹತ್ತಿದರು. ಆ ಊರಿನ ಮಕ್ಕಳಿಗೆ ಅದು ಭಾಷಣಕ್ಕಿಂತ ಹೆಚ್ಚಿನ ಧೈರ್ಯ ಕೊಟ್ಟಿರಬೇಕು. ನವೆಂಬರಿನಲ್ಲಿ ಐರ್ಲೆಂಡಿನ ಯೀ ವ್ಯಾಗಬಾಂಡ್ಸ್ ಜೋಡಿಯೊಡನೆ ‘ದಿ ಪಾರ್ಟಿಂಗ್ ಗ್ಲಾಸ್’ ಎಂಬ ಹಳೆಯ ಜಾನಪದ ಗೀತೆಯನ್ನು, ಅದೇ ವರ್ಷ ತೀರಿಕೊಂಡ ಗಾಯಕಿ ಶನೇಡ್ ಒಕಾನರ್ ಅವರ ನೆನಪಿಗೆ ಹಾಡಿ ಬಿಡುಗಡೆ ಮಾಡಿದರು. ಬಂದ ಹಣ ಡಬ್ಲಿನ್ನಿನ ಮಕ್ಕಳ ಸೇವಾಸಂಸ್ಥೆಯೊಂದಕ್ಕೆ ಹೋಯಿತು. ತಂಡ ನೇರವಾಗಿ ಸಾಂಪ್ರದಾಯಿಕ ಜಾನಪದವನ್ನು ಮುಟ್ಟಿದ ಅಪರೂಪದ ಮುದ್ರಿಕೆ ಇದು.

‘ದಿ ರೆಕಾರ್ಡ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. 2024ರ ಫೆಬ್ರವರಿ 4ರ ಗ್ರ್ಯಾಮಿ ಸಮಾರಂಭದಲ್ಲಿ ಅದಕ್ಕೆ ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಂ ಪ್ರಶಸ್ತಿ ಬಂತು. ‘ನಾಟ್ ಸ್ಟ್ರಾಂಗ್ ಎನಫ್’ ಅತ್ಯುತ್ತಮ ರಾಕ್ ಗೀತೆ, ಅತ್ಯುತ್ತಮ ರಾಕ್ ಪ್ರಸ್ತುತಿ ಎಂಬ ಎರಡು ಪ್ರಶಸ್ತಿ ಗಳಿಸಿತು. ಅದೇ ವರ್ಷ ಬ್ರಿಟ್ ಪ್ರಶಸ್ತಿಗಳಲ್ಲಿ ಅಂತರರಾಷ್ಟ್ರೀಯ ತಂಡದ ಮನ್ನಣೆಯೂ ದೊರೆಯಿತು.

ವಿರಾಮ

ಗ್ರ್ಯಾಮಿಯ ಹೊತ್ತಿನಲ್ಲೇ ತಂಡ ಸದ್ಯಕ್ಕೆ ವಿರಾಮ ತೆಗೆದುಕೊಳ್ಳುವುದಾಗಿ ಲಾಸ್ ಏಂಜಲೀಸಿನ ಕಾರ್ಯಕ್ರಮವೊಂದರಲ್ಲಿ ತಿಳಿಸಿತು. ಒಡಕಿನ ಮಾತಿರಲಿಲ್ಲ. ಮೂವರಿಗೂ ಅವರವರ ಹಾಡುಗಳು ಕಾದಿದ್ದವು. 2025ರಲ್ಲಿ ಬೇಕರ್, ಟಾರಸ್ ಎಂಬ ಹೆಸರಿನ ಗಾಯಕಿಯೊಡನೆ ‘ಸೆಂಡ್ ಎ ಪ್ರೇಯರ್ ಮೈ ವೇ’ ಎಂಬ ಕಂಟ್ರಿ ಸಂಗೀತದ ಆಲ್ಬಂ ತಂದರು. ದಕ್ಷಿಣದ ಕ್ರೈಸ್ತ ಊರುಗಳಲ್ಲಿ ಬೆಳೆದ ಇಬ್ಬರು ಆ ಊರುಗಳ ಸಂಗೀತವನ್ನೇ ತಮ್ಮದಾಗಿಸಿಕೊಂಡ ಕೃತಿ. ಅದೇ ವರ್ಷ ಮಾರ್ಚಿನಲ್ಲಿ ಡೇಕಸ್ ಅವರ ‘ಫಾರೆವರ್ ಈಸ್ ಎ ಫೀಲಿಂಗ್’ ಬಂತು. ಅದರ ಹಿಮ್ಮೇಳದಲ್ಲಿ ಬೇಕರ್, ಬ್ರಿಜರ್ಸ್ ಇಬ್ಬರೂ ಹಾಡಿದ್ದಾರೆ.